ಹಬ್ಬದ ಉಡುಗೊರೆ ಮತ್ತು ಹೆಚ್ಚಾದ ಅಕ್ಕಿ

(ದೀಪಾವಳಿಗೆ ಮುನ್ನ ಕತ್ತಲಗೆರೆಯಲ್ಲಿ ನಡೆದ ಚಿಂತನಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ನಾನು ಭಾಷಣ ಮಾಡುವವನಲ್ಲ. 34 ವರ್ಷ ಸರ್ಕಾರದ ಎಂಜಿನಿಯರ್ ಆಗಿ ನಾಲೆ, ತೂಬು, ಸಣ್ಣಪುಟ್ಟ ಸೇತುವೆ ಇವುಗಳ ಜೊತೆ ಬದುಕಿದವನು. ನನಗೆ ಬರುವುದು ಅಂದಾಜುಪಟ್ಟಿ ಬರೆಯುವುದು ಮಾತ್ರ. ಸಂಘಟಕರು ಫೋನ್ ಮಾಡಿ, ‘ಹಬ್ಬ ಬರುತ್ತಿದೆ, ಪರಿಸರಕ್ಕೆ ತೊಂದರೆಯಾಗದ ಉಡುಗೊರೆಗಳ ಬಗ್ಗೆ ಅರ್ಧ ಗಂಟೆ ಮಾತನಾಡಿ’ ಎಂದರು. ಒಪ್ಪಿಕೊಂಡೆ. ಒಂದೇ ಒಂದು ಷರತ್ತು ಹಾಕಿದೆ: ನನಗೆ ಶಾಲು, ಹಾರ, ನೆನಪಿನ ಕಾಣಿಕೆ ಏನೂ ಬೇಡ. ‘ಆಗಲಿ ಸಾರ್’ ಎಂದರು. ಈಗ ನನ್ನ ಹೆಗಲ ಮೇಲೆ ಏನಿದೆ ಎಂಬುದನ್ನು ನೀವೇ ನೋಡುತ್ತಿದ್ದೀರಿ. ಅವರದು ತಪ್ಪು ಎನ್ನಲಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಪ್ರೀತಿ ಅದು. ಆದರೆ ಇವತ್ತಿನ ಮಾತಿಗೆ ಈ ಶಾಲೇ ಒಳ್ಳೆಯ ಸಾಮಗ್ರಿ ಆಯಿತು. ಆಮೇಲೆ ಇದರ ಬಳಿಗೆ ಬರುತ್ತೇನೆ.

ಈ ಊರು ನನಗೆ ಹೊಸದಲ್ಲ. ನನ್ನ ತಾಯಿಯ ತವರು ಕತ್ತಲಗೆರೆ. ಚಿಕ್ಕವನಿದ್ದಾಗ ದೀಪಾವಳಿಗೆ ಇಲ್ಲಿಗೆ ಬಂದರೆ ಭದ್ರಾ ನಾಲೆಯ ನೀರಿನ ಗದ್ದೆಗಳಲ್ಲಿ ಭತ್ತ ಹಳದಿ ತಿರುಗುತ್ತಿತ್ತು. ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ಬರುವಾಗ ದಾರಿಯಲ್ಲಿ ನೋಡಿದೆ, ಕೊನೆ ಕೊಯ್ಲು ನಡೆಯುತ್ತಿದೆ. ನಿಮಗೆಲ್ಲ ಕೈತುಂಬ ಕೆಲಸವಿರುವ ಹೊತ್ತಿನಲ್ಲಿ ಬಂದು ಕುಳಿತಿದ್ದೀರಿ, ಹಾಗಾಗಿ ಪೀಠಿಕೆ ಬೇಡ.

ನನ್ನ ತಾಯಿ ತೀರಿಕೊಂಡು ಕೆಲವು ವರ್ಷಗಳಾದವು. ಕಾರ್ಯವೆಲ್ಲ ಮುಗಿದ ಮೇಲೆ ನಾನು, ನನ್ನ ಅಕ್ಕ, ನನ್ನ ಹೆಂಡತಿ ಮೂವರೂ ಕುಳಿತು ಅವಳ ಟ್ರಂಕು ಮತ್ತು ಬೀರು ತೆಗೆದೆವು. ಒಂದೊಂದನ್ನೇ ಹೊರಗಿಟ್ಟು ಎಣಿಸಿದೆವು. ಎಣಿಸುವುದು ನನ್ನ ರೋಗ. ರವಿಕೆ ಬಟ್ಟೆಗಳು 37. ಒಂದಕ್ಕೂ ಕತ್ತರಿ ಬಿದ್ದಿರಲಿಲ್ಲ. ಬೆಲೆಯ ಚೀಟಿ ಕೀಳದ ಸೀರೆಗಳು 6. ಪೆಟ್ಟಿಗೆಯಿಂದ ಹೊರಗೇ ಬರದ ಫ್ಲಾಸ್ಕ್ 2, ಗೋಡೆ ಗಡಿಯಾರ 3. ಹೆಸರು ಕೆತ್ತಿಸಿದ ಸ್ಟೀಲ್ ತಟ್ಟೆ, ಡಬ್ಬಿಗಳ ಲೆಕ್ಕ ಬಿಟ್ಟೆವು. ಇವೆಲ್ಲ ಮಕ್ಕಳು, ಸೊಸೆಯಂದಿರು, ಬೀಗರು ಪ್ರೀತಿಯಿಂದಲೇ ಕೊಟ್ಟವು. ನಾನು ಕೊಟ್ಟವೂ ಅದರಲ್ಲಿದ್ದವು.

ಅವಳು ದಿನವೂ ಬಳಸುತ್ತಿದ್ದದ್ದು ಎರಡು ವಸ್ತು. ಒಂದು ಕರಿ ಕಂಬಳಿ. ಇನ್ನೊಂದು ಬಿದಿರಿನ ಮೊರ. ಎರಡೂ ಇದೇ ಊರಿನ ಅವಳ ತವರುಮನೆಯಿಂದ ಬಂದವು. ಆ ಮೊರಕ್ಕೆ ವರ್ಷಕ್ಕೊಮ್ಮೆ ಮೆಂತ್ಯ ಅರೆದು, ಕಾಗದದ ಚೂರು ಸೇರಿಸಿ ಸಾರಿಸಿ, ಬಿಸಿಲಿಗಿಟ್ಟು, ಮತ್ತೆ ಹೊಸದು ಮಾಡುತ್ತಿದ್ದಳು. ಅಂಚು ಕಿತ್ತಾಗ ಹಳೆ ಸೀರೆಯ ತುಂಡು ಸುತ್ತಿ ಹೊಲಿದಿದ್ದಳು. ಅಕ್ಕ ಅದನ್ನು ಹಿಡಿದುಕೊಂಡು ಅತ್ತಳು. 37 ರವಿಕೆ ಬಟ್ಟೆಗಳನ್ನು ನೋಡಿ ನಾವು ಯಾರೂ ಅಳಲಿಲ್ಲ.

ಆ 37ರಲ್ಲಿ ಒಂದನ್ನು ನನ್ನ ಹೆಂಡತಿ ಗುರುತು ಹಿಡಿದಳು. ಹಸಿರು ಬಣ್ಣದ್ದು, ಮೂಲೆಯಲ್ಲಿ ಶಾಯಿಯ ಕಲೆ. ಎಷ್ಟೋ ವರ್ಷದ ಹಿಂದೆ ನಮ್ಮ ಮನೆಯ ಗೃಹಪ್ರವೇಶದಲ್ಲಿ ಅವಳೇ ಯಾರಿಗೋ ಉಡಿ ತುಂಬಿದ್ದು. ಅದು ಎಷ್ಟು ಮನೆ ಸುತ್ತಿ, ಎಷ್ಟು ಜನರ ಅರಿಶಿನ ಕುಂಕುಮದ ತಟ್ಟೆಯಲ್ಲಿ ಕುಳಿತು ಎದ್ದು, ನನ್ನ ತಾಯಿಯ ಟ್ರಂಕಿಗೆ ಬಂದಿತ್ತೋ! ತಾಯಂದಿರು ನಗುತ್ತಿದ್ದೀರಿ. ನಿಮ್ಮ ನಿಮ್ಮ ಬೀರುಗಳಲ್ಲೂ ಇದೆ ಎಂದು ಅರ್ಥ. ಈ ರವಿಕೆ ಬಟ್ಟೆ ಹೊಲಿಸಿಕೊಳ್ಳುವುದಕ್ಕಲ್ಲ, ದಾಟಿಸುವುದಕ್ಕೆ ಎಂದು ಅಂಗಡಿಯವನಿಗೂ ಗೊತ್ತು. ಆದ್ದರಿಂದಲೇ ಆ ಬಟ್ಟೆ ಅಷ್ಟು ತೆಳು, ಅಷ್ಟು ಗಿಡ್ಡ. ಹೊಲಿಸಲು ಹೋದರೆ ದರ್ಜಿ ತೋಳಿಗೆ ಸಾಲದು ಎನ್ನುತ್ತಾನೆ.

ನಮ್ಮಲ್ಲಿ ಮುಯ್ಯಿ ಎಂಬ ಪದ್ಧತಿ ಇತ್ತು, ಈಗಲೂ ಇದೆ. ನನ್ನ ಅಜ್ಜನ ಕಾಲದ ಮುಯ್ಯಿ ಪುಸ್ತಕವನ್ನು ನಾನು ನೋಡಿದ್ದೇನೆ. ಅದರಲ್ಲಿ ಇದ್ದದ್ದು ಅಕ್ಕಿ ಇಷ್ಟು ಸೇರು, ಬೆಲ್ಲ ಇಷ್ಟು ಅಚ್ಚು, ತೆಂಗಿನಕಾಯಿ ಇಷ್ಟು. ಮದುವೆ ಮನೆಗೆ ಬೇಕಾದದ್ದೇ ಮುಯ್ಯಿಯಾಗಿ ಬರುತ್ತಿತ್ತು, ಮದುವೆ ಮುಗಿಯುವಷ್ಟರಲ್ಲಿ ಊಟವಾಗಿ ಖರ್ಚಾಗುತ್ತಿತ್ತು. ಮುಂದೆ ಅವರ ಮನೆಯ ಕಾರ್ಯಕ್ಕೆ ಇವರು ಹಾಗೆಯೇ ಕೊಂಡೊಯ್ಯುತ್ತಿದ್ದರು. ಈಗ ನಾವು ‘ರಿಟರ್ನ್ ಗಿಫ್ಟ್’ ಎಂಬ ಹೊಸ ಶಬ್ದ ಕಲಿತಿದ್ದೇವೆ. ಅಜ್ಜ ಕೊಟ್ಟಿದ್ದು ತಿಂದು ಮುಗಿಯಿತು, ನಾವು ಕೊಡುವುದು ಮೊಮ್ಮಗನ ಕಾಲಕ್ಕೂ ಅಟ್ಟದ ಮೇಲಿರುತ್ತದೆ.

ನನ್ನ ನಿವೃತ್ತಿಯ ದಿನದ ವಿಷಯ ಹೇಳುತ್ತೇನೆ. ಆ ಒಂದು ವಾರದಲ್ಲಿ ಬೀಳ್ಕೊಡುಗೆ ಮೇಲೆ ಬೀಳ್ಕೊಡುಗೆ. ಮನೆಗೆ ಬಂದದ್ದು ಶಾಲು 52, ಮೈಸೂರು ಪೇಟ 8, ನೆನಪಿನ ಕಾಣಿಕೆ ಎಂಬ ಹೊಳೆಯುವ ಫಲಕಗಳು 29. ಮನೆ ಬದಲಾಯಿಸುವಾಗ ಆ ಫಲಕಗಳನ್ನು ಚೀಲಕ್ಕೆ ತುಂಬಿ ಗುಜರಿ ಅಂಗಡಿಗೆ ಒಯ್ದೆ. ಗುಜರಿಯವನು ಒಂದನ್ನು ಎತ್ತಿ, ತಟ್ಟಿ ನೋಡಿ, ವಾಪಸ್ ಇಟ್ಟ. ‘ಸಾರ್, ಇದು ಪ್ಲಾಸ್ಟಿಕ್ಕೂ ಅಲ್ಲ, ಮರವೂ ಅಲ್ಲ, ತಗಡೂ ಅಲ್ಲ. ಎಲ್ಲ ಅಂಟಿಸಿಬಿಟ್ಟಿದ್ದಾರೆ. ಯಾರೂ ತಗೊಳ್ಳಲ್ಲ’ ಎಂದ. ನನ್ನ 34 ವರ್ಷದ ಸೇವೆಯನ್ನು ಹೊಗಳಿ ಬರೆದಿದ್ದ 29 ಫಲಕಗಳನ್ನು ಗುಜರಿಯವನೂ ಬೇಡ ಎಂದ!

ಅವನು ಹೇಳಿದ್ದು ಎಂಜಿನಿಯರಿಂಗ್ ಪುಸ್ತಕದ ಮಾತೇ. ಒಂದೇ ಬಗೆಯ ವಸ್ತುವಾದರೆ, ಅದು ಕಬ್ಬಿಣವಾಗಲಿ, ಗಾಜಾಗಲಿ, ಕಾಗದವಾಗಲಿ, ಮತ್ತೆ ಕರಗಿಸಿ ಬಳಸಬಹುದು. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿದ ಹಲಗೆ, ಅದರ ಮೇಲೆ ಅಕ್ರಿಲಿಕ್, ಅದರ ಮೇಲೆ ಚಿನ್ನದ ಬಣ್ಣದ ಹಾಳೆ. ಇವನ್ನು ಬೇರ್ಪಡಿಸುವ ಕೂಲಿ ಅದರ ಬೆಲೆಗಿಂತ ಹೆಚ್ಚು. ಆದ್ದರಿಂದ ಅದು ಅಂಗಡಿಯಿಂದ ಹೊರಟ ದಿನವೇ ಕಸ. ನಡುವೆ ಸ್ವಲ್ಪ ದಿನ ನಮ್ಮ ಷೋಕೇಸಿನಲ್ಲಿ ಕುಳಿತಿರುತ್ತದೆ, ಅಷ್ಟೆ.

ಈಗ ಈ ಶಾಲಿಗೆ ಬರೋಣ. ಸಂಘಟಕರು ಅಪ್ಪಣೆ ಕೊಟ್ಟರೆ ಇದರ ಅಂಚಿನಿಂದ ಒಂದು ಎಳೆ ಕೀಳುತ್ತೇನೆ. ಬೆಂಕಿಪೊಟ್ಟಣ ತಂದಿದ್ದೇನೆ, ಎರಡು ಎಳೆ ಬೇರೆಯವನ್ನೂ ತಂದಿದ್ದೇನೆ. ಮುಂದಿನ ಸಾಲಿನ ಇಬ್ಬರು ಹುಡುಗರು ಬನ್ನಿ. ಮೊದಲನೆಯದು ನನ್ನ ಹತ್ತಿಯ ಪಂಚೆಯ ಎಳೆ. ನೋಡಿ, ಸುಮ್ಮನೆ ಉರಿಯಿತು, ಕಾಗದ ಸುಟ್ಟ ವಾಸನೆ, ಉಳಿದದ್ದು ಬೂದಿ, ಊದಿದರೆ ಹಾರುತ್ತದೆ. ಎರಡನೆಯದು ನಮ್ಮ ತಾಯಿಯ ಕಂಬಳಿಯ ಎಳೆ. ಇದು ಸರಿಯಾಗಿ ಉರಿಯುವುದೇ ಇಲ್ಲ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ. ಕರಿ ಗುಳಿಗೆಯನ್ನು ಹಿಸುಕಿದರೆ ಪುಡಿ. ಮೂರನೆಯದು ಈ ಶಾಲಿನದು. ಕಂಡಿರಾ? ಮೊದಲು ಮುದುಡಿತು, ಆಮೇಲೆ ಕರಗಿತು, ಈಗ ತುದಿಯಲ್ಲಿ ಗಟ್ಟಿ ಮಣಿಯಾಗಿದೆ. ಹಿಸುಕು ಮಗಾ, ಒಡೆಯುತ್ತದೆಯೇ? ಇಲ್ಲ. ಇದು ಪಾಲಿಯೆಸ್ಟರ್ ಅಥವಾ ಅದರ ಸೋದರ. ಅಂದರೆ ಪೆಟ್ರೋಲಿಯಮ್ಮಿನಿಂದ ಎಳೆದ ದಾರ. ನನಗೆ ನೀವು ಹೊದಿಸಿದ್ದು ಬಟ್ಟೆಯ ವೇಷದ ಪ್ಲಾಸ್ಟಿಕ್.

ಮದುವೆಗಳಲ್ಲಿ ತಾಂಬೂಲಕ್ಕೆ ಕೊಡುವ ಬಣ್ಣಬಣ್ಣದ ಚೀಲಗಳೂ ಹೀಗೆಯೇ. ಮುಟ್ಟಿದರೆ ಬಟ್ಟೆಯಂತೆ ಮೆತ್ತಗಿವೆ, ‘ಪ್ಲಾಸ್ಟಿಕ್ ಅಲ್ಲ ಸಾರ್, ಬಟ್ಟೆ ಚೀಲ’ ಎಂದೇ ಮಾರುತ್ತಾರೆ. ಅದು ನೇಯ್ದದ್ದಲ್ಲ, ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿ ಮಾಡಿ ಒತ್ತಿ ಅಂಟಿಸಿದ್ದು. ಒಂದು ಬೇಸಗೆ ಬಿಸಿಲಿಗೆ ಬಿದ್ದರೆ ಪುಡಿಪುಡಿಯಾಗುತ್ತದೆ. ಪುಡಿಯಾಯಿತೆಂದರೆ ಮಣ್ಣಾಯಿತು ಎಂದಲ್ಲ, ಸಣ್ಣ ಸಣ್ಣ ಪ್ಲಾಸ್ಟಿಕ್ ಆಯಿತು. ಅದು ಗದ್ದೆಗೆ ಹೋಗುತ್ತದೆ, ನಾಲೆಗೆ ಹೋಗುತ್ತದೆ. ನಾಲೆಯ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಹಬ್ಬ ಮುಗಿದ ವಾರ ತೂಬಿನ ಬಾಯಿಗೆ ಏನು ಬಂದು ಸಿಕ್ಕಿಕೊಳ್ಳುತ್ತದೆ ಎಂದು ನೋಡಿದರೆ ಆ ಊರಿನಲ್ಲಿ ಯಾರು ಯಾರಿಗೆ ಏನು ಉಡುಗೊರೆ ಕೊಟ್ಟರು ಎಂಬುದೆಲ್ಲ ತಿಳಿಯುತ್ತದೆ. ಸಿಹಿ ಪೆಟ್ಟಿಗೆಯ ಹೊದಿಕೆ, ಹೊಳೆಯುವ ರಿಬ್ಬನ್ನು, ಥರ್ಮೊಕೋಲ್ ತುಂಡು. ಕೊನೆಯಂಚಿನ ರೈತನಿಗೆ ನೀರು ತಲುಪಲಿಲ್ಲ ಎಂಬ ದೂರು ಬಂದಾಗ ಕೆಲವು ಸಲ ಕಾರಣ ಇಷ್ಟೇ ಇರುತ್ತಿತ್ತು.

ಕಾನೂನು ಇಲ್ಲವೆಂದಲ್ಲ. ನಮ್ಮ ರಾಜ್ಯ 2016ರ ಮಾರ್ಚಿಯಲ್ಲೇ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಕೇಂದ್ರದ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂತು. ಅದರ ಪಟ್ಟಿಯಲ್ಲಿ ಸಿಹಿತಿಂಡಿ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯ ಹೆಸರು ಹಿಡಿದೇ ಬರೆದಿದ್ದಾರೆ, ಅಲಂಕಾರದ ಥರ್ಮೊಕೋಲೂ ಇದೆ. ಈ ಸಭಾಂಗಣದ ಬಾಗಿಲಲ್ಲಿ ಏನು ಕಟ್ಟಿದೆ ಎಂದು ನಾನು ಹೇಳುವುದಿಲ್ಲ. ಊಟಕ್ಕೆ ಹೋಗುವಾಗ ಒಮ್ಮೆ ತಲೆಯೆತ್ತಿ ನೋಡಿ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಪರಿಸರಸ್ನೇಹಿ ಉಡುಗೊರೆ ಕೊಂಡರಾಯಿತಲ್ಲ ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ನನ್ನ ಮಗಳ ಮದುವೆಯಲ್ಲಿ ಪ್ಲಾಸ್ಟಿಕ್ ಬೇಡವೆಂದು ಹಟ ಹಿಡಿದು ಸೆಣಬಿನ ಚೀಲಗಳನ್ನು ತರಿಸಿದೆ. ನೋಡಲು ಬಹಳ ಚಂದ. ವಧೂವರರ ಹೆಸರು, ತಾರೀಖು ದೊಡ್ಡದಾಗಿ ಅಚ್ಚಾಗಿತ್ತು. ಬಂದವರೆಲ್ಲ ಹೊಗಳಿದರು. ಉಳಿದ ಒಂದು ಚೀಲವನ್ನು ಆರು ತಿಂಗಳಾದ ಮೇಲೆ ಬಿಚ್ಚಿ ನೋಡಿದೆ. ಒಳಗಡೆ ಪೂರ್ತಿ ಪ್ಲಾಸ್ಟಿಕ್ ಪದರ! ಸೆಣಬಿಗೆ ಅಂಟಿಕೊಂಡದ್ದರಿಂದ ಅದು ಗೊಬ್ಬರದ ಗುಂಡಿಗೂ ಬೇಡ, ಗುಜರಿಗೂ ಬೇಡ. ನಾನು ಒಳಗೆ ಕೈ ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು. ಎಂಜಿನಿಯರ್ ಆಗಿ ಸಿಮೆಂಟು ಚೀಲವನ್ನು ಪರೀಕ್ಷಿಸಿದವನು ಮಗಳ ಮದುವೆಯ ಚೀಲವನ್ನು ಪರೀಕ್ಷಿಸಲಿಲ್ಲ. ಇನ್ನೊಂದು ತಪ್ಪು: ಬೇರೆಯವರ ಮಗಳ ಹೆಸರು ಅಚ್ಚಾದ ಚೀಲವನ್ನು ಹಿಡಿದು ಯಾರು ಸಂತೆಗೆ ಹೋಗುತ್ತಾರೆ?

ಒಳ್ಳೆಯ ಹತ್ತಿ ಚೀಲವಾದರೂ ಒಂದು ಲೆಕ್ಕವಿದೆ. ಬ್ರಿಟನ್ನಿನ ಪರಿಸರ ಏಜೆನ್ಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಹತ್ತಿ ಬೆಳೆಯಲು, ನೂಲಲು, ನೇಯಲು, ಸಾಗಿಸಲು ಆಗುವ ಖರ್ಚನ್ನೆಲ್ಲ ಲೆಕ್ಕ ಹಾಕಿ, ಭೂಮಿ ಬಿಸಿಯಾಗುವುದರ ಮಟ್ಟಿಗೆ, ಒಂದು ಹತ್ತಿ ಚೀಲವನ್ನು 131 ಸಲ ಬಳಸಿದರೆ ಮಾತ್ರ ಅದು ಒಂದು ಸಲ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು ಎಂದಿತು. ಪ್ಲಾಸ್ಟಿಕ್ಕೇ ವಾಸಿ ಎಂದು ಇದರ ಅರ್ಥವಲ್ಲ. ನಾಲೆಯಲ್ಲಿ ಸಿಕ್ಕಿಕೊಳ್ಳುವುದು, ದನದ ಹೊಟ್ಟೆ ಸೇರುವುದು ಆ ಲೆಕ್ಕದಲ್ಲಿ ಇಲ್ಲ. ಆದರೆ ಚೀಲವನ್ನು ಪರಿಸರಸ್ನೇಹಿ ಮಾಡುವುದು ಅದರ ಮೇಲಿನ ಹಸಿರು ಎಲೆಯ ಚಿತ್ರವಲ್ಲ, 131 ಸಲ ಸಂತೆಗೆ ಹೋಗಿ ಬರುವ ಕೈ. ಬೀರುವಿನಲ್ಲಿ ಮಡಿಚಿಟ್ಟ 40 ಹತ್ತಿ ಚೀಲಗಳಿಂದ ಯಾರಿಗೂ ಉಪಯೋಗವಿಲ್ಲ.

ಸಸಿ ಹಂಚುವುದೂ ಹಾಗೆಯೇ. ಈಗ ಎಲ್ಲ ಸಮಾರಂಭದಲ್ಲೂ ವೇದಿಕೆಯ ಮೇಲಿನವರಿಗೆ ಒಂದೊಂದು ಸಸಿ, ಕರಿ ಪ್ಲಾಸ್ಟಿಕ್ ಚೀಲದಲ್ಲಿ. ಫೋಟೊ ಆದ ಮೇಲೆ ಅದು ಕಾರಿನ ಡಿಕ್ಕಿ ಸೇರುತ್ತದೆ. ನನ್ನ ಕಾರಿನ ಡಿಕ್ಕಿಯಲ್ಲೇ ಒಂದು ಹೊನ್ನೆ ಸಸಿ ಒಣಗಿ ಸತ್ತಿದೆ. ಗುಂಡಿ ತೋಡಿ, ಎರಡು ಬೇಸಗೆ ನೀರು ಹಾಕುವವರಿಗೆ ಕೇಳಿ ಕೊಟ್ಟರೆ ಸಸಿಯಂಥ ಉಡುಗೊರೆ ಇಲ್ಲ. ಬಾಡಿಗೆ ಮನೆಯಲ್ಲಿ ಮೂರನೇ ಮಹಡಿಯಲ್ಲಿರುವವನಿಗೆ ಹಲಸಿನ ಸಸಿ ಕೊಟ್ಟರೆ ಅವನಿಗೂ ಕಷ್ಟ, ಹಲಸಿಗೂ ಕಷ್ಟ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇವರ ಕಥೆ ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ನಾನು ಅದನ್ನು ವ್ಯಾಖ್ಯಾನ ಮಾಡಲು ಅರ್ಹನಲ್ಲ, ಪೂಜ್ಯರ ಮುಂದೆ ಮಾಡಲೂ ಬಾರದು. ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಆಯ್ದು ತಂದ. ಲಕ್ಕಮ್ಮ ಅಳತೆ ನೋಡಿದಳು, ನಮಗಿಷ್ಟು ಬೇಡ, ಹೆಚ್ಚಾದದ್ದನ್ನು ತೆಗೆದುಕೊಂಡು ಹೋಗಿ ಅಲ್ಲೇ ಸುರಿದು ಬಾ ಎಂದಳು. ಅದು ಕದ್ದ ಅಕ್ಕಿಯಲ್ಲ, ಕೆಟ್ಟ ಅಕ್ಕಿಯೂ ಅಲ್ಲ. ಹೆಚ್ಚಾಗಿತ್ತು ಎಂಬುದೊಂದೇ ಅದರ ದೋಷ. ಚಿಕ್ಕಂದಿನಿಂದ ಈ ಕಥೆ ಕೇಳಿದ್ದೇನೆ. ಆದರೆ ಅದು ನನ್ನ ಮನೆ ಬಾಗಿಲಿಗೇ ಬಂದಾಗ ನಾನು ಏನು ಮಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಮುಚ್ಚಿಡುವುದು ಏನಿದೆ.

ಸೇವೆಯಲ್ಲಿದ್ದಾಗ, ಬಯಲುಸೀಮೆಯ ಒಂದು ಊರಿನಲ್ಲಿ, ದೀಪಾವಳಿಯ ಹಿಂದಿನ ದಿನ ನಮ್ಮ ಮನೆಯ ಜಗಲಿ ತುಂಬ ಪೆಟ್ಟಿಗೆಗಳು. ಗೋಡಂಬಿ, ದ್ರಾಕ್ಷಿ, ಸಿಹಿ, ಪಟಾಕಿ. ಕಳಿಸಿದವರೆಲ್ಲ ನನ್ನ ಸಹಿಗಾಗಿ ಕಡತ ಇಟ್ಟುಕೊಂಡಿದ್ದವರು. ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿ ಉಡುಗೊರೆಯ ಬಗ್ಗೆ ಏನಿದೆ ಎಂದು ನನಗೆ ಗೊತ್ತಿತ್ತು. ಇಲಾಖಾ ಪರೀಕ್ಷೆಗೆ ಓದಿ ಪಾಸು ಮಾಡಿದ್ದೆ. ನನ್ನ ಹೆಂಡತಿ ಹೊರಗೆ ಬಂದು ನೋಡಿ, ‘ಇಷ್ಟೂ ನಾವು ತಿನ್ನುತ್ತೇವೆಯೇ? ವಾಪಸ್ ಕಳಿಸಿ’ ಎಂದಳು. ‘ಹಬ್ಬದ ದಿನ ವಾಪಸ್ ಕಳಿಸಿದರೆ ಬೇಸರ ಮಾಡಿಕೊಳ್ಳುತ್ತಾರೆ, ಬರೀ ಸಿಹಿ ತಾನೆ’ ಎಂದೆ. ನಾವು ತಿಂದದ್ದು ಎರಡು ಪೆಟ್ಟಿಗೆ. ಉಳಿದದ್ದನ್ನು ಜವಾನರಿಗೆ, ಪಕ್ಕದ ಮನೆಯವರಿಗೆ ಹಂಚಿದೆವು. ಅವರು ಇನ್ನೊಬ್ಬರಿಗೆ ಹಂಚಿರಬೇಕು, ಆ ಹಸಿರು ರವಿಕೆ ಬಟ್ಟೆಯ ಹಾಗೆ. ಮುಂದಿನ ವಾರ ನಮ್ಮ ಕ್ವಾರ್ಟರ್ಸಿನ ಹಿಂದೆ ಹಂದಿಗಳು ಆ ಪೆಟ್ಟಿಗೆಗಳನ್ನು ಎಳೆದಾಡುತ್ತಿದ್ದವು. ಮೂರು ವರ್ಷ ಹೀಗೇ ನಡೆಯಿತು. ನಾಲ್ಕನೆಯ ವರ್ಷ ಒಂದು ಬಿಲ್ಲಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಮಾತನಾಡಬೇಕಾಯಿತು. ಎದುರಿಗೆ ಕುಳಿತವನು ನಗುತ್ತಾ, ‘ಏನು ಸಾರ್, ಈ ಸಲದ ಗೋಡಂಬಿ ಚೆನ್ನಾಗಿರಲಿಲ್ಲವೇ?’ ಎಂದ. ಆ ಬಿಲ್ಲಿಗೆ ನಾನು ಸಹಿ ಹಾಕಲಿಲ್ಲ, ಆದರೆ ಅವನ ಮುಖ ನೋಡುವುದಕ್ಕೂ ಆಗಲಿಲ್ಲ. ಆ ವರ್ಷದಿಂದ ಬಾಗಿಲಲ್ಲೇ ಹಿಂದಿರುಗಿಸಿದೆ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಲಕ್ಕಮ್ಮ ಒಂದೇ ಸಲಕ್ಕೆ ಹೇಳಿ ಮುಗಿಸಿದ್ದನ್ನು ನಾನು ಕಲಿಯಲು ನಾಲ್ಕು ದೀಪಾವಳಿ ಬೇಕಾದವು.

ಹಾಗಾಗಿ ನನ್ನ ತಿಳಿವಳಿಕೆ ಇಷ್ಟು. ಉಡುಗೊರೆಯ ವಿಷಯದಲ್ಲಿ, ಇದು ಯಾವುದರಿಂದ ಮಾಡಿದ್ದು ಎಂಬುದು ಎರಡನೆಯ ಪ್ರಶ್ನೆ. ಅವರಿಗೆ ಇದು ಬೇಕೇ ಎಂಬುದು ಮೊದಲನೆಯದು. ಬೇಡದ ವಸ್ತು ಬಿದಿರಿನದಾದರೂ ಕಸವೇ.

ಬೇಕಾದ ವಸ್ತುಗಳು ನಮ್ಮ ಸುತ್ತಲೇ ಇವೆ. ಬಾಗಿನದ ಮೊರವನ್ನೇ ತೆಗೆದುಕೊಳ್ಳಿ. ಈಗ ಅಂಗೈಯಗಲದ ಪ್ಲಾಸ್ಟಿಕ್ ಮೊರ ಬಂದಿದೆ, ಗುಲಾಬಿ ಬಣ್ಣದ್ದು. ಅದರಲ್ಲಿ ಒಂದು ಹಿಡಿ ಅಕ್ಕಿಯನ್ನೂ ಕೇರಲಾಗದು. ಕೇರಲಾಗದ ಮೊರ ಯಾತಕ್ಕೆ? ಬುಟ್ಟಿ ಹೆಣೆದು ಮಾರಿ ದಾಸೋಹ ನಡೆಸಿದ ಮೇದರ ಕೇತಯ್ಯನನ್ನು ಜಯಂತಿಯ ದಿನ ನೆನೆಯುತ್ತೇವೆ, ಅದೇ ಕಾಯಕ ಮಾಡುವವರಿಂದ ಒಂದು ಮೊರ ಕೊಳ್ಳುವಾಗ ಚೌಕಾಸಿ ಮಾಡುತ್ತೇವೆ. ನಮ್ಮ ಪಕ್ಕದ ಹೊಳಲ್ಕೆರೆ ಸೀಮೆಯ ನುಲೇನೂರಿಗೆ ಹೋಗಿ ಹಗ್ಗ ಹೊಸೆದ ನುಲಿಯ ಚಂದಯ್ಯನಿಗೆ ಕೈಮುಗಿದು, ಬರುವಾಗ ನೈಲಾನ್ ಹಗ್ಗ ಕೊಂಡು ಬರುತ್ತೇವೆ. ಬಿದಿರು ಸಿಗುವುದು ಮೊದಲು ಕಷ್ಟವಿತ್ತು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಅರಣ್ಯದ ಹೊರಗೆ ಬೆಳೆದ ಬಿದಿರು ಈಗ ಕಾನೂನಿನ ಪ್ರಕಾರ ‘ಮರ’ ಅಲ್ಲ. ತೋಟದ ಬೇಲಿಗೆ ನಾಲ್ಕು ಮೆಳೆ ಬಿದಿರು ಹಾಕಿಕೊಳ್ಳಿ, ಮುಂದೆ ಮೊರಕ್ಕೂ ಆಯಿತು, ಏಣಿಗೂ ಆಯಿತು.

ಅಡಿಕೆ ನಾಡಿನ ನಿಮಗೆ ಹಾಳೆಯ ವಿಷಯ ನಾನು ಹೇಳಬೇಕಿಲ್ಲ. ತಾನಾಗಿ ಕಳಚಿ ಬಿದ್ದದ್ದು, ನೆನೆಸಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು ಬೇಡ, ಬಣ್ಣ ಬೇಡ. ಊಟವಾದ ಮೇಲೆ ಅದೇ ತೋಟದ ಬುಡಕ್ಕೆ ಹಾಕಬಹುದು. ಚನ್ನಗಿರಿ ತಾಲ್ಲೂಕಿನ ಮದುವೆಯಲ್ಲಿ ಥರ್ಮೊಕೋಲ್ ಮಾದರಿಯ ತಟ್ಟೆ ಕಂಡರೆ ನನಗೆ ಸಂಕಟವಾಗುತ್ತದೆ. ಸಿಹಿ ಕೊಡುವುದಿದ್ದರೆ ಹಾಳೆಯ ದೊನ್ನೆಯಲ್ಲಿ ಕೊಡಿ, ಮೇಲೆ ಬಾಳೆಯೆಲೆ ಮುಚ್ಚಿ. ಬೆಂಗಳೂರಿನ ನಿಮ್ಮ ನೆಂಟರಿಗೆ ನಿಮ್ಮ ಗದ್ದೆಯ ಐದು ಸೇರು ಅಕ್ಕಿ, ಜಗಳೂರು ಕಡೆಯ ನವಣೆ, ಒಳ್ಳೆಯ ಬೆಲ್ಲ ಕಳಿಸಿ. ಅಜ್ಜನ ಮುಯ್ಯಿ ಪುಸ್ತಕದ ಹಾಗೆ, ತಿಂದು ಮುಗಿಯುತ್ತದೆ. ಕುಂಬಾರರ ಹಣತೆ ಹತ್ತೋ ಇಪ್ಪತ್ತೋ ಕೊಂಡು ಕೊಡಿ. ಚೀನೀ ಬಲ್ಬಿನ ಸರ ಮುಂದಿನ ವರ್ಷ ಹತ್ತುವುದಿಲ್ಲ, ಹಣತೆ ತೊಳೆದಿಟ್ಟರೆ ಹತ್ತುತ್ತದೆ.

ವಯಸ್ಸಾದವರಿಗೆ ಹೊದಿಸಲೇಬೇಕೆಂದಿದ್ದರೆ ಚಳ್ಳಕೆರೆ ಕಡೆಯ ಕಂಬಳಿ ಇದೆ. ಚುಚ್ಚುತ್ತದೆ, ನಿಜ. ಒಳಗೊಂದು ಹಳೆ ಸೀರೆ ಕೊಟ್ಟು ಹೊಲಿಸಿದರೆ ಚುಚ್ಚುವುದಿಲ್ಲ. ಕೊಡುವುದು ಪಂಚೆ, ಟವೆಲ್ಲು ಆದರೆ ಖಾದಿಯದನ್ನು ಕೊಡಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ. ಅಲ್ಲಿ ದುಡಿಯುವವರು ಬಹುಪಾಲು ಹೆಣ್ಣುಮಕ್ಕಳು. 2021ರ ಡಿಸೆಂಬರ್ ಕೊನೆಯಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಅವರ ಕೆಲಸಕ್ಕೆ ದೊಡ್ಡ ಪೆಟ್ಟು ಬಿತ್ತು. ಈ ಶಾಲಿನ ಎಳೆ ಕರಗಿತಲ್ಲ, ಅದೇ ಎಳೆ.

ಮೊಮ್ಮಕ್ಕಳಿಗೆ ಚನ್ನಪಟ್ಟಣದ ಗೊಂಬೆ. ಎಂಜಿನಿಯರ್ ಆಗಿ ನನಗೆ ಅದರ ಬಣ್ಣ ಹಚ್ಚುವ ಕ್ರಮ ಬಹಳ ಇಷ್ಟ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಲೆ ಬೇಡ, ಕುಂಚ ಬೇಡ. ಬ್ಯಾಟರಿ ಕಾರು ಎರಡು ದಿನಕ್ಕೆ ಮೂಲೆ ಸೇರಿತು, ಆ ಮರದ ಬುಗುರಿಯನ್ನು ನನ್ನ ಮೊಮ್ಮಗ ಇನ್ನೂ ಬಿಟ್ಟಿಲ್ಲ.

ಕೊನೆಗೆ ನಮ್ಮ ಸಭೆಗಳ ಮಾತು. ಇದನ್ನು ಪೂಜ್ಯರ ಮುಂದೆ ಸಂಕೋಚದಿಂದಲೇ ಇಡುತ್ತೇನೆ. 2021ರ ಆಗಸ್ಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ನೆನಪಿನ ಕಾಣಿಕೆ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದರು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರೂ ತಮಗೆ ಹಾರ, ಶಾಲು ಬೇಡ, ಪುಸ್ತಕ ಕೊಡಿ ಎಂದರು. ಬೇರೆ ಬೇರೆ ಪಕ್ಷದ ಇಬ್ಬರು ಒಂದೇ ಮಾತು ಹೇಳುವುದು ಅಪರೂಪ. ಸರ್ಕಾರ ಮಾಡಬಹುದಾದದ್ದನ್ನು ಕಾಯಕ ದಾಸೋಹದ ಮಾತಾಡುವ ನಾವು ಮಾಡಲಾರೆವೇ? ಒಂದು ಗೋಷ್ಠಿಗೆ ಹತ್ತು ಶಾಲು, ಹತ್ತು ಫಲಕ. ವರ್ಷಕ್ಕೆ ಎಷ್ಟು ಗೋಷ್ಠಿ? ಆ ಹಣದಲ್ಲಿ ನಮ್ಮ ವಿದ್ಯಾರ್ಥಿನಿಲಯದ ಮಕ್ಕಳಿಗೆ ಚಳಿಗಾಲಕ್ಕೆ ಒಂದೊಂದು ಕಂಬಳಿ ಬರುತ್ತದೆ. ಬೇಕಾದರೆ ನನ್ನ ಹೆಸರು ಕರೆದು, ‘ಇವರ ಹೆಸರಿನಲ್ಲಿ ಒಬ್ಬ ಹುಡುಗನಿಗೆ ಕಂಬಳಿ’ ಎಂದು ವೇದಿಕೆಯಿಂದ ಹೇಳಿ. ನನಗೆ ಅದೇ ಸನ್ಮಾನ.

ಹೂವಿನ ಬಗ್ಗೆ ಒಬ್ಬ ತಾಯಿ ಚೀಟಿ ಕಳಿಸಿದ್ದಾರೆ: ‘ಹಾರ ಬೇಡ ಎಂದರೆ ಹೂವು ಕಟ್ಟುವವರ ಹೊಟ್ಟೆಪಾಡು?’ ಸರಿಯಾದ ಪ್ರಶ್ನೆ. ನನ್ನಲ್ಲಿ ಪೂರ್ಣ ಉತ್ತರವಿಲ್ಲ ತಾಯಿ. ಹೂವು ಬಾಡಿ ಮಣ್ಣಾಗುತ್ತದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಅದರ ನಡುವೆ ಸುತ್ತುವ ಜರಿ ಪ್ಲಾಸ್ಟಿಕ್ ತೆಗೆಸಿ, ದಾರದಲ್ಲೇ ಕಟ್ಟಲು ಹೇಳಿ, ಹತ್ತರ ಬದಲು ಎರಡು ಕಟ್ಟಿಸಿ, ಎರಡಕ್ಕೂ ಒಳ್ಳೆಯ ಬೆಲೆ ಕೊಡಿ. ಇದಕ್ಕಿಂತ ಒಳ್ಳೆಯ ದಾರಿ ನಿಮಗೆ ತೋಚಿದರೆ ಊಟದ ಹೊತ್ತಿನಲ್ಲಿ ನನಗೆ ಹೇಳಿ.

ನಮ್ಮ ತಾಯಿಯ 37 ರವಿಕೆ ಬಟ್ಟೆಗಳು ಏನಾದವು ಎಂದು ಇನ್ನೊಂದು ಚೀಟಿ ಬಂದಿದೆ. ಅಕ್ಕ ಅವನ್ನು ಒಂದಕ್ಕೊಂದು ಜೋಡಿಸಿ ಎರಡು ಕೌದಿ ಹೊಲಿಸಿದಳು. ಒಂದು ನಮ್ಮಲ್ಲಿದೆ, ಒಂದು ಅವಳಲ್ಲಿ. ಶಾಯಿ ಕಲೆಯ ಹಸಿರು ತುಂಡು ನಮ್ಮ ಕೌದಿಯ ನಡುವೆ ಬಂದಿದೆ, ಇನ್ನು ಅದು ಯಾರ ಮನೆಗೂ ಹೋಗುವುದಿಲ್ಲ. ಮೊರ ಈಗಲೂ ಅಕ್ಕನ ಅಡುಗೆಮನೆಯಲ್ಲಿ ಕೇರುತ್ತಿದೆ.

ಈ ಶಾಲನ್ನು ಮಡಿಚಿ ಸಂಘಟಕರ ಮೇಜಿನ ಮೇಲೆ ಇಡುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಮುಂದಿನ ತಿಂಗಳ ಗೋಷ್ಠಿಗೆ ಬರುವವರಿಗೆ ದಯವಿಟ್ಟು ಇದನ್ನು ಹೊದಿಸಬೇಡಿ, ಒಂದು ಎಳೆ ಕಡಿಮೆಯಾಗಿದೆ.